‘ಹಳೇಮನೆ ಬಳಗ’ದಲ್ಲಿ ಕಪ್ಪೆಯ ವಿಚಾರ

ಶ್ರೀಪಾದ ದೊಡ್ಡಪ್ಪ (ಫಾರ್ವರ್ಡ್): ಎಚ್ಚರಿಕೆ! ಜಗತ್ತಿನ ಕಪ್ಪೆಗಳನ್ನು ಕೊಲ್ಲುತ್ತಿರುವ ಚರ್ಮದ ಶಿಲೀಂಧ್ರ ರೋಗವು ಈಗ ಮನುಷ್ಯರಿಗೂ ಅಂಟುತ್ತಿದೆ. ಅಂಗಳದಲ್ಲಿ ಕಪ್ಪೆ ಕಂಡರೆ ಉಪ್ಪು ಎರಚಿ. ಹತ್ತು ಜನರಿಗೆ ಕಳುಹಿಸಿ.

ವಿದ್ಯಾ (ಸಿಡ್ನಿ): ದೊಡ್ಡಪ್ಪ, ಇದಕ್ಕೆ ಆಧಾರವೇನು? ಈ ರೋಗ ತರುವ ಕೈಟ್ರಿಡ್ ಎಂಬ ಶಿಲೀಂಧ್ರದಿಂದ 501 ಉಭಯಚರ ಪ್ರಭೇದಗಳು ಕ್ಷೀಣಿಸಿವೆ, ಅವುಗಳಲ್ಲಿ 90 ಅಳಿದೇ ಹೋಗಿರಬಹುದು ಎಂದು 2019ರ ಅಧ್ಯಯನವೊಂದು ಹೇಳಿದ್ದು ನಿಜ. ಆದರೆ ಅದು ಮನುಷ್ಯರಿಗೆ ಅಂಟುವುದಿಲ್ಲ. ಅದು ಕಪ್ಪೆಯ ಹೊರಚರ್ಮದಲ್ಲಿ ಬೆಳೆದು, ಮೈಯೊಳಗಿನ ಸೋಡಿಯಂ, ಪೊಟ್ಯಾಸಿಯಂ ಲವಣಗಳ ಸಮತೋಲವನ್ನು ಕೆಡಿಸಿ, ಕೊನೆಗೆ ಹೃದಯವನ್ನೇ ನಿಲ್ಲಿಸುತ್ತದೆ. ನೀವು ಉಪ್ಪು ಎರಚಿದರೆ ರೋಗವಿಲ್ಲದ ಕಪ್ಪೆಯೂ ಸಾಯುತ್ತದೆ.

ಸರೋಜತ್ತೆ: ಹಿರಿಯರನ್ನು ‘ಆಧಾರವೇನು’ ಎಂದು ಕೇಳುವುದು ನಮ್ಮ ಮನೆಯ ಪದ್ಧತಿಯಲ್ಲ.

ಶ್ರೀಪಾದ ದೊಡ್ಡಪ್ಪ: ಬಿಡು ಸರೋಜ. ಕೊರೊನಾ ಕಾಲದಲ್ಲಿ ನನ್ನ ಕಷಾಯಕ್ಕೂ ಇವಳು ಆಧಾರ ಕೇಳಿದ್ದಳು. ನಾನು ಬರೆದದ್ದಲ್ಲ, ಬಂದದ್ದನ್ನು ಕಳುಹಿಸಿದೆ, ಅಷ್ಟೆ.

ರಘು: ಹಳೆಯ ಬಚ್ಚಲಿನಲ್ಲಿ ಹಂಡೆಯ ಒಲೆಯ ಮಗ್ಗುಲಿಗೆ, ಬೂದಿ ಮೆತ್ತಿದ ಕಲ್ಲಿನ ಸಂದಿಯಲ್ಲಿ ದಪ್ಪ ಕಪ್ಪೆಯೊಂದು ಬೆಚ್ಚಗೆ ಕೂತಿರುತ್ತಿತ್ತಲ್ಲ! ಅಜ್ಜಿ ಅದನ್ನು ಓಡಿಸಲು ಬಿಡುತ್ತಿರಲಿಲ್ಲ.

ಸರೋಜತ್ತೆ: ಆ ತಾಮ್ರದ ಹಂಡೆ ಪಾಲಿನ ಸಮಯದಲ್ಲಿ ಯಾರ ಮನೆಗೆ ಹೋಯಿತೆಂದು ನಾನು ಕೇಳುವುದಿಲ್ಲ.

ವಿದ್ಯಾ: ರಘಣ್ಣ, ಹಂಡೆ ಇರಲಿ, ಆ ಬಿಸಿಯ ಮಾತು ಮುಖ್ಯ. ಈ ಶಿಲೀಂಧ್ರಕ್ಕೆ ತಂಪು ಬೇಕು. 30 ಡಿಗ್ರಿಯ ಆಸುಪಾಸಿನಲ್ಲಿ ಅದು ಸೊರಗುತ್ತದೆ. ಇಲ್ಲಿಯ ಗ್ರೀನ್ ಅಂಡ್ ಗೋಲ್ಡನ್ ಬೆಲ್ ಕಪ್ಪೆಗಳಿಗಾಗಿ ಸಂಶೋಧಕರು ಪುಟ್ಟ ಹಸಿರುಮನೆಯೊಳಗೆ ತೂತಿನ ಇಟ್ಟಿಗೆಗಳನ್ನು ಜೋಡಿಸಿಟ್ಟರು. ಕಪ್ಪೆಗಳು ತಾವಾಗಿಯೇ ಆ ತೂತುಗಳಿಗೆ ನುಗ್ಗಿ, ಮೈ ಕಾಯಿಸಿಕೊಂಡು, ಸೋಂಕನ್ನು ಕಳೆದುಕೊಂಡವು. ಹಾಗೆ ಗುಣವಾದವು ಮರುಸೋಂಕನ್ನೂ ಹೆಚ್ಚು ತಾಳಿಕೊಂಡವೆಂದು 2024ರಲ್ಲಿ ಪ್ರಕಟವಾಯಿತು. ಇದೇ ಕಪ್ಪೆಗಾಗಿ 2000ದ ಒಲಿಂಪಿಕ್ಸ್‌ನ ಟೆನಿಸ್ ಅಂಗಳವನ್ನು ಸಿಡ್ನಿಯ ಹೋಂಬುಷ್‌ನ ಹಳೆಯ ಇಟ್ಟಿಗೆ ಗುಂಡಿಯಿಂದ ಬೇರೆಡೆಗೆ ಸರಿಸಿದ್ದರು.

ಸರೋಜತ್ತೆ: ಕಪ್ಪೆಗೆ ಜಾಗ ಬಿಡುತ್ತಾರೆ, ನಮ್ಮಲ್ಲಿ ಅಣ್ಣತಮ್ಮಂದಿರು ಒಂದಡಿ ಬೇಲಿ ಸರಿಸುವುದಿಲ್ಲ.

ರಘು: ನಮ್ಮ ಘಟ್ಟದಲ್ಲೂ ಈ ರೋಗ ಇದೆಯೇ?

ವಿದ್ಯಾ: ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಈ ಶಿಲೀಂಧ್ರ ಪತ್ತೆಯಾಗಿದೆ. ಆದರೆ ಪನಾಮಾದಲ್ಲಿಯೋ ಆಸ್ಟ್ರೇಲಿಯಾದಲ್ಲಿಯೋ ಆದಂಥ ಸಾಮೂಹಿಕ ಸಾವು ಘಟ್ಟದಲ್ಲಿ ವರದಿಯಾಗಿಲ್ಲ. ಏಷ್ಯಾದಲ್ಲಿ ಅದು ಹಳೆಯದು. ಜೀವಂತ ಕಪ್ಪೆಗಳ ವ್ಯಾಪಾರದ ಜೊತೆಗೆ ಹೊರಗೆ ಹೋಯಿತೆಂದು ತಳಿ ಅಧ್ಯಯನಗಳು ಸೂಚಿಸುತ್ತವೆ.

ಶ್ರೀಪಾದ ದೊಡ್ಡಪ್ಪ: ಅಂದರೆ ರೋಗ ನಮ್ಮ ಘಟ್ಟದಲ್ಲಿಯೂ ಇದೆ ಎಂದಾಯಿತು. ನಾನು ಹೇಳಿದ್ದೂ ಅದನ್ನೇ.