ಸಹಾಯ ಬೇಕು: ರಾಜಕುಮಾರಿ ಜೋನ್‌ಳ ಎರಡನೇ ಸಂಸಾರದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್‌ನ ಮಗಳು ಜೋನ್ ಬಗ್ಗೆ ಬರೆಯುತ್ತಿದ್ದೇನೆ. ಹುಟ್ಟಿದ್ದು 1272ರಲ್ಲಿ, ಈಗಿನ ಇಸ್ರೇಲಿನ ಆಕ್ರೆಯಲ್ಲಿ. 1290ರಲ್ಲಿ ತನಗಿಂತ ತುಂಬಾ ದೊಡ್ಡವನಾದ ಗಿಲ್ಬರ್ಟ್ ಡಿ ಕ್ಲೇರ್ ಜೊತೆ ಮದುವೆ. 1295ರಲ್ಲಿ ಅವನು ತೀರಿಕೊಂಡ. ಅಪ್ಪ ಯುರೋಪಿನ ಸವಾಯ್ ಎಂಬ ನಾಡಿನ ದೊರೆಯ ಸಂಬಂಧ ನೋಡುತ್ತಿದ್ದರೆ, ಇವಳು 1297ರಲ್ಲಿ ರಾಲ್ಫ್ ಡಿ ಮಾಂಟರ್ಮರ್ ಎಂಬ ತನ್ನ ಮನೆಯ ಆಳನ್ನೇ ಗುಟ್ಟಾಗಿ ಮದುವೆಯಾದಳು! ಧೈರ್ಯ ಅಂದ್ರೆ ಇದು ಅಲ್ವಾ? ಅಪ್ಪ ಅಳಿಯನನ್ನು ಬ್ರಿಸ್ಟಲ್ ಕೋಟೆಯಲ್ಲಿ ಕೂಡಿಹಾಕಿದ, ಆಮೇಲೆ ಬಿಟ್ಟ.

ಮೊದಲ ಗಂಡನ ಮಕ್ಕಳ ಬಗ್ಗೆ ಮಾಹಿತಿ ಜಾಸ್ತಿ ಸಿಗುತ್ತದೆ. ಮಗ ಗಿಲ್ಬರ್ಟ್ 1314ರ ಬ್ಯಾನಕ್‌ಬರ್ನ್ ಯುದ್ಧದಲ್ಲಿ ಸತ್ತ. ಮಗಳು ಎಲಿಜಬೆತ್‌ಳ ನೆರವಿನಿಂದ ಬೆಳೆದದ್ದೇ ಕೇಂಬ್ರಿಡ್ಜ್‌ನ ಕ್ಲೇರ್ ಕಾಲೇಜು. ನನಗೆ ಬೇಕಿರುವುದು ರಾಲ್ಫ್‌ನ ಮಕ್ಕಳ ವಿಷಯ, ಮುಖ್ಯವಾಗಿ ಮೇರಿ ಮತ್ತು ಥಾಮಸ್. ಓದಲು ಸುಲಭವಾದ ಪುಸ್ತಕ ಗೊತ್ತಿದ್ದರೆ ತಿಳಿಸಿ. ಇಂಗ್ಲೆಂಡಿನ ಸಫೋಕ್ ಕಡೆ ಇರುವವರು, ಜೋನ್‌ಳನ್ನು 1307ರಲ್ಲಿ ಮಣ್ಣು ಮಾಡಿದ ಕ್ಲೇರ್ ಮಠದ ಫೋಟೋ ಕಳಿಸಿದರೆ ಇನ್ನೂ ಒಳ್ಳೆಯದು.