ಹಳೆ ರಸ್ತೆಯ ಮನೆಗಳೊಳಗೆ ಫೋಟೊ ತೆಗೆಯೋದು ಹೇಗೆ? ಅನುಭವ ಇದ್ದವರು ಹೇಳಿ

ಬಸವನಗುಡಿಯ ನಮ್ಮ ರಸ್ತೆಯಲ್ಲಿ ಹಳೆ ಮನೆಗಳು ಒಂದೊಂದೇ ಹೋಗಿ ಅಪಾರ್ಟ್‌ಮೆಂಟ್ ಏಳುತ್ತಿವೆ. ಉಳಿದವರನ್ನು ಅವರವರ ಮನೆಯಲ್ಲೇ ಫೋಟೊ ತೆಗೆದಿಡಬೇಕು ಅಂತ ಆಸೆ. ಒಳಗೆ ಕತ್ತಲು ಜಾಸ್ತಿ. ಕೇಳೋಕೂ ಸಂಕೋಚ. ಮಾಡಿದವರು ಇದ್ದೀರಾ?

ಉತ್ತರ 1

ಮಲ್ಲೇಶ್ವರದಲ್ಲಿ ಎರಡು ವರ್ಷದಿಂದ ನಾನೂ ಇದೇ ಮಾಡುತ್ತಿದ್ದೇನೆ. ಮೊದಲ ಸಲ ಕ್ಯಾಮೆರಾ ಒಯ್ಯಬೇಡಿ. ಕತ್ತಿಗೆ ಕ್ಯಾಮೆರಾ ಹಾಕಿಕೊಂಡು ಗೇಟ್ ತೆಗೆದರೆ ಬಿಲ್ಡರ್ ಕಡೆಯವರು ಅಂದುಕೊಳ್ಳುತ್ತಾರೆ. ನನ್ನನ್ನು ಒಬ್ಬರು "ಮಾರೋದಿಲ್ಲ, ಹೋಗಿ" ಅಂತ ಗೇಟಿನಿಂದಲೇ ಕಳಿಸಿದ್ದರು. ಆಮೇಲೆ ಪಕ್ಕದ ಮನೆಯವರ ಜೊತೆ ಹೋದೆ. ಕಾಫಿ ಕುಡಿದೆ. 1898ರ ಪ್ಲೇಗ್ ಆದಮೇಲೆ ಅವರ ಮುತ್ತಾತ ಪೇಟೆ ಬಿಟ್ಟು ಇಲ್ಲಿಗೆ ಬಂದ ಕಥೆ ಕೇಳಿದೆ. ಮುಂದಿನ ಭಾನುವಾರ ಅವರೇ "ಕ್ಯಾಮೆರಾ ತಂದ್ರಾ?" ಅಂದರು.

ಫೋಟೊ ಅಂದ ಕೂಡಲೇ ಅಜ್ಜಿಯರು "ಇರಪ್ಪಾ, ಸೀರೆ ಬದಲಾಯಿಸಿ ಬರ್ತೀನಿ" ಅಂತಾರೆ. ಬೇಡ ಅನ್ನಬೇಡಿ. ರೇಷ್ಮೆ ಸೀರೆಯಲ್ಲಿ ನೆಟ್ಟಗೆ ಕೂತ ಫೋಟೊ ಮೊದಲು ತೆಗೆದುಬಿಡಿ. ಅದು ಮುಗಿದಮೇಲೆ ಉಸ್ಸಪ್ಪಾ ಅಂತ ಅಡುಗೆಮನೆ ಬಾಗಿಲಿಗೆ ಒರಗುತ್ತಾರಲ್ಲ, ಆಗ ರೆಡಿ ಇರಿ.

ಉತ್ತರ 2

ಬೆಳಕಿನ ವಿಷಯ ನಾನು ಹೇಳುತ್ತೇನೆ. ನೀವು ಒಳಗೆ ಕಾಲಿಟ್ಟರೆ ಮನೆಯವರು ಮೊದಲು ಟ್ಯೂಬ್‌ಲೈಟ್ ಹಾಕುತ್ತಾರೆ. ಕೇಳಿಕೊಂಡು ಆರಿಸಿಬಿಡಿ. ಕಿಟಕಿ ಬೆಳಕಿಗೆ ಅದು ಸೇರಿದರೆ ಅರ್ಧ ಮುಖ ಒಂದು ಬಣ್ಣ, ಇನ್ನರ್ಧ ಇನ್ನೊಂದು. ಆರಿಸೋಕೆ ಆಗಲ್ಲ ಅಂದರೆ ಶಟರ್ ವೇಗ 1/50 ಅಥವಾ 1/100 ಸೆಕೆಂಡಿಗೆ ಇಡಿ. ನಮ್ಮ ಕರೆಂಟ್ 50 ಹರ್ಟ್ಸ್. ಇನ್ನೂ ವೇಗ ಹೋದರೆ ಕೆಲವು ಎಲ್‌ಇಡಿ ಬಲ್ಬುಗಳಿಂದ ಫೋಟೊದಲ್ಲಿ ಪಟ್ಟೆ ಬರುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿಸೋಕೆ ಹೆದರಬೇಡಿ. ಫ್ಲ್ಯಾಷ್ ಮಾತ್ರ ಬೇಡ.

ನನಗೆ ಯಾರೂ ಮುಂಚೆ ಹೇಳದಿದ್ದ ವಿಷಯ ಅಂದರೆ ರೆಡ್ ಆಕ್ಸೈಡ್ ನೆಲ. ಬೆಳಗ್ಗೆ ಬಿಸಿಲು ಬಾಗಿಲಿಂದ ನೆಲಕ್ಕೆ ಬಿದ್ದರೆ ಕೆಂಪು ಮೇಲಕ್ಕೆ ಹೊಡೆಯುತ್ತದೆ. ಗದ್ದ, ಮೂಗಿನ ಕೆಳಗೆ, ಬಿಳಿ ಪಂಚೆ, ಎಲ್ಲ ಗುಲಾಬಿ! ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಪೂರ್ತಿ ಹೋಗಲಿಲ್ಲ. ಈಗ ಕುರ್ಚಿಯ ಮುಂದೆ, ಫೋಟೊದಲ್ಲಿ ಕಾಣದ ಹಾಗೆ, ಬಿಳಿ ಬೆಡ್‌ಶೀಟ್ ಹಾಸುತ್ತೇನೆ. ನೆಲ ಒರೆಸಿದ್ದೇ ಸರಿಹೋಗಿಲ್ಲವೇನೋ ಅಂತ ಒಬ್ಬರು ಬೇಜಾರು ಮಾಡಿಕೊಂಡಿದ್ದರು, ಹಾಗಾಗಿ ಯಾಕೆ ಅಂತ ಮೊದಲೇ ಹೇಳಿಬಿಡಿ.

ಉತ್ತರ 3

ಲೆನ್ಸ್ 35 ಎಂಎಂ ಸಾಕು. ಇನ್ನೂ ಅಗಲ ನೋಟ ಹಿಡಿಯುವ ಲೆನ್ಸ್ ಆದರೆ ಅಂಚಿನಲ್ಲಿ ಕೂತವರ ಮುಖ ಎಳೆದಂತಾಗುತ್ತದೆ.

ನನ್ನದೊಂದು ತಪ್ಪು ಕೇಳಿ. ಒಬ್ಬರೇ ಇರುವ ಹಿರಿಯರ ಫೋಟೊ ಫೇಸ್‌ಬುಕ್ಕಿಗೆ ಹಾಕಿದೆ. ಮನೆ ನಂಬರ್, ಗೋಡೆಯಲ್ಲಿ ತೂಗುಹಾಕಿದ ಬೀಗದಕೈ ಗೊಂಚಲು, ಎರಡೂ ಅದರಲ್ಲಿ ಸ್ಪಷ್ಟ. ಅಮೆರಿಕದಲ್ಲಿರುವ ಮಗಳು ರಾತ್ರಿ ಫೋನ್ ಮಾಡಿ ಚೆನ್ನಾಗಿ ಬೈದರು. ಬೈಯಬೇಕಾದ್ದೇ. ಈಗ ತೆಗೆಯೋಕೆ ಒಂದು ಸಲ, ಹಾಕೋಕೆ ಇನ್ನೊಂದು ಸಲ ಕೇಳುತ್ತೇನೆ.

ಪ್ರಿಂಟ್ ಮಾತ್ರ ತಪ್ಪದೆ ಕೊಡಿ. ಒಬ್ಬ ತಾತ ಪ್ರಿಂಟನ್ನು ದೂರ ಹಿಡಿದು ನೋಡಿ, "ಇದಕ್ಕೇ ಹಾರ ಹಾಕಿಸಿ, ಮಕ್ಕಳಿಗೆ ಹುಡುಕೋ ಕೆಲಸ ತಪ್ಪುತ್ತೆ" ಅಂದರು. ಅಜ್ಜಿ ಮಾತಾಡಲಿಲ್ಲ. ಕೈಯಿಂದ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು.