ಎದೆಯಲ್ಲಿ ಮತ್ತೆ ಮತ್ತೆ ನೀರು: ಮೆಸೊಥೆಲಿಯೋಮಾ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಸಿಂಧನೂರು ತಾಲೂಕಿನಿಂದ): ಡಾಕ್ಟ್ರೇ, ನಮಸ್ಕಾರ ರೀ. ನಮ್ಮಪ್ಪಗ 66 ವರ್ಷ. ಮೂರು ತಿಂಗಳಿಂದ ನಾಕು ಹೆಜ್ಜಿ ನಡೆದ್ರ ದಮ್ಮು, ಬಲಗಡೆ ಎದಿ ಜಗ್ಗಿ ನೋಯ್ತೈತಿ, ಮೈ ಇಳದೈತಿ. ಎದಿಯಾಗ ನೀರು ತುಂಬೈತಿ ಅಂತ ಎರಡು ಸಲ ಸೂಜಿ ಹಾಕಿ ತೆಗೆದ್ರು, ಮತ್ತ ತುಂಬೈತಿ. ಕಫದಾಗ ಏನೂ ಸಿಕ್ಕಿಲ್ಲ, ಆದ್ರೂ ಟಿಬಿ ಗುಳಿಗಿ ಚಾಲೂ ಮಾಡಿ ಎರಡು ತಿಂಗಳಾತು. ಈಗ ರಾಯಚೂರಿನಾಗ ಸಿಟಿ ಸ್ಕ್ಯಾನ್ ಮಾಡಿಸಿದ್ರ ಮೆಸೊಥೆಲಿಯೋಮಾ ಇರಬಹುದು ಅಂತ ಬರದಾರ. ಅಪ್ಪ ಜೀವನದಾಗ ಬೀಡಿ ಮುಟ್ಟಿಲ್ಲ. ಇದು ಹೆಂಗ ಬಂತ್ರಿ?

ಉತ್ತರ: ತಮ್ಮಾ, ಈ ಕಾಯಿಲೆಗೂ ಬೀಡಿಗೂ ಸಂಬಂಧವಿಲ್ಲ. ಶ್ವಾಸಕೋಶದ ಸುತ್ತ ಪ್ಲೂರಾ ಎಂಬ ತೆಳ್ಳನೆಯ ಎರಡು ಪದರ ಇರುತ್ತದೆ. ಅದರಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಬಹುಪಾಲು ಕಾರಣ ಆಸ್ಬೆಸ್ಟಾಸ್, ಅಂದರೆ ಸಿಮೆಂಟ್ ಶೀಟಿಗೆ ಬೆರೆಸುವ ನಾರಿನಂಥ ಖನಿಜ. ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಉಸಿರಿನ ಜೊತೆ ಒಳಗೆ ಹೋಗಿ ಕೂರುತ್ತದೆ, ದೇಹ ಅದನ್ನು ಕರಗಿಸಲಾರದು. ಧೂಳು ಕುಡಿದ ಮೇಲೆ ಕಾಯಿಲೆ ಕಾಣಿಸಲು 20ರಿಂದ 50 ವರ್ಷ ಬೇಕಾಗುತ್ತದೆ. ಹಾಗಾಗಿ ಈಗ ಏನು ಕೆಲಸ ಮಾಡುತ್ತಾರೆ ಎಂಬುದು ಮುಖ್ಯವಲ್ಲ, ಹರೆಯದಲ್ಲಿ ಎಲ್ಲಿ ದುಡಿದರು ಅನ್ನುವುದನ್ನು ಕೇಳಿ.

ಟಿಬಿ ಎಂದುಕೊಂಡವರನ್ನು ನಾನು ದೂರುವುದಿಲ್ಲ. ನಮ್ಮ ಭಾಗದಲ್ಲಿ ಎದೆಯಲ್ಲಿ ನೀರು ತುಂಬಿ ಬರುವವರಲ್ಲಿ ಟಿಬಿಯವರೇ ಬಹಳ. ಎರಡರಲ್ಲೂ ದಮ್ಮು, ನೋವು, ತೂಕ ಇಳಿಯುವುದು ಒಂದೇ ಥರ. ಆದರೆ ತೆಗೆದ ನೀರಿನಲ್ಲಿ ಎಡಿಎ ಎಂಬ ಕಿಣ್ವದ ಪರೀಕ್ಷೆ ಆಗಿದೆಯೇ ನೋಡಿ. ಟಿಬಿ ಇದ್ದರೆ ಅದು ಸಾಮಾನ್ಯವಾಗಿ ಲೀಟರಿಗೆ 40 ಯೂನಿಟ್‌ಗಿಂತ ಮೇಲಿರುತ್ತದೆ. ಕಡಿಮೆ ಇದ್ದು, ನೀರು ಮತ್ತೆ ಮತ್ತೆ ತುಂಬುತ್ತಿದ್ದು, ಸ್ಕ್ಯಾನಿನಲ್ಲಿ ಪದರ ಗಂಟುಗಂಟಾಗಿ ದಪ್ಪವಾಗಿದ್ದರೆ ಗುಳಿಗೆ ನುಂಗಿಸುತ್ತ ಕಾಯಬಾರದು. ಹಾಗಂತ ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರಿಗೆ ರಿಪೋರ್ಟ್ ತೋರಿಸಿ ಕೇಳಿ.

ಬರೀ ನೀರನ್ನು ಪರೀಕ್ಷೆ ಮಾಡಿದರೆ ಈ ಕ್ಯಾನ್ಸರ್ ಎಷ್ಟೋ ಸಲ ಸಿಗುವುದಿಲ್ಲ. ಪಕ್ಕೆಲುಬಿನ ನಡುವೆ ಕ್ಯಾಮೆರಾ ಇಳಿಸಿ ಪದರದ ತುಂಡು ತೆಗೆಯುವ ಥೊರಾಕೋಸ್ಕೋಪಿ ಬೇಕು. ಹೀಗೆ ತುಂಡು ತೆಗೆದು ಪರೀಕ್ಷಿಸುವುದೇ ಬಯಾಪ್ಸಿ. ಅದನ್ನು ಮಾಡಿದರೆ ಗಡ್ಡೆ ಹರಡುತ್ತದೆ ಎಂಬ ಮಾತಿಗೆ ಹೆದರಿ ಮುಂದೂಡಬೇಡಿ.

ಪ್ರಶ್ನೆ (ಗಂಗಾವತಿಯಿಂದ): ಸರ್, ನಮ್ಮ ಮನಿಗೆ ಸಿಮೆಂಟ್ ಶೀಟೇ ಹಾಕೀವಿ. ಹುಡುಗ್ರು ಅದರ ಕೆಳಗ ಮಲಗ್ತಾವ. ತಗಿಸಿಬಿಡ್ಲೇನ್ರಿ?

ಉತ್ತರ: ಗಟ್ಟಿಯಾಗಿರುವ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಕಟ್ಟಿಕೊಂಡಿರುತ್ತದೆ. ಅದರ ಕೆಳಗೆ ಮಲಗಿದರು ಎಂದು ಗಾಬರಿ ಬೇಡ. ಅಪಾಯ ಇರುವುದು ಕೊಯ್ಯುವಾಗ, ತೂತು ಹಾಕುವಾಗ, ಒಡೆಯುವಾಗ. ಕಟರ್ ಹಚ್ಚಿ ಬಿಳಿ ಧೂಳಿನ ಮಧ್ಯೆ ನಿಲ್ಲುವ ಗೌಂಡಿ ಹುಡುಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತೆಗೆಸುವುದೇ ಆದರೆ ನೀರು ಹೊಡೆದು ತೋಯಿಸಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಿ. ಒಣ ಕಸಬರಿಗೆಯಿಂದ ಗುಡಿಸಬೇಡಿ. ಮೂಗಿಗೆ ಟವೆಲ್ ಕಟ್ಟಿದರೆ ಆ ನಾರು ನಿಲ್ಲುವುದಿಲ್ಲ, ಎನ್95 ಕೂಡ ಆಸ್ಬೆಸ್ಟಾಸ್ ಕೆಲಸಕ್ಕೆ ಸಾಲದು. ಒಡೆದ ಚೂರು ಅಂಗಳದಲ್ಲಿ ಹಾಸಬೇಡಿ.

ಪ್ರಶ್ನೆ (ಸಿಂಧನೂರಿನವರೇ ಮತ್ತೆ): ಡಾಕ್ಟ್ರೇ, ಅವ್ವನ್ನ ಕೇಳಿದೆ. 1985ರ ಸುಮಾರಿಗೆ ಅಪ್ಪ ಬಾಂಬೆಕಡೆ ಗುಳೆ ಹೋಗಿ ಶೀಟ್ ಮಾಡೋ ಕಾರ್ಖಾನ್ಯಾಗ ಆರು ವರ್ಷ ಇದ್ದರಂತ. ಚೀಲ ಹರಿದು ಸುರಿಯೋ ಕೆಲಸ. ಮನಿಗೆ ಬಂದ್ರ ಅಂಗಿ ತುಂಬ ಹಿಟ್ಟು ಹತ್ತಿದಂಗ ಇರ್ತಿತ್ತಂತ, ಅವ್ವನೇ ಝಾಡಿಸಿ ಒಗಿತಿದ್ಳು. ಕಾಗದಪತ್ರ ಒಂದೂ ಇಲ್ರಿ.

ಉತ್ತರ: ಇದನ್ನೇ ಹುಡುಕುತ್ತಿದ್ದೆ. ಇವತ್ತೇ ಒಂದು ಹಾಳೆಯಲ್ಲಿ ಬರೆಯಿರಿ: ಯಾವ ವರ್ಷದಿಂದ ಯಾವ ವರ್ಷ, ಯಾವ ಊರು, ಏನು ಕೆಲಸ, ಜೊತೆಗೆ ಗುಳೆ ಹೋದ ನಿಮ್ಮೂರವರು ಯಾರು. ಬಯಾಪ್ಸಿ ಮಾಡುವ ಡಾಕ್ಟರಿಗೆ ಅದನ್ನು ಕೊಟ್ಟು ಕೇಸ್ ಪೇಪರಿನಲ್ಲಿ ಬರೆಸಿ. ಆಸ್ಬೆಸ್ಟಾಸಿನಿಂದ ಬರುವ ಮೆಸೊಥೆಲಿಯೋಮಾ ಕಾನೂನಿನಲ್ಲಿ ಕಾರ್ಮಿಕರಿಗೆ ಪರಿಹಾರ ಕೊಡುವ ಕೆಲಸದ ರೋಗಗಳ ಪಟ್ಟಿಯಲ್ಲಿದೆ. ಆಸ್ಬೆಸ್ಟಾಸ್ ಕೆಲಸಗಾರರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಗುತ್ತಿಗೆದಾರನ ಕೈಕೆಳಗೆ ದುಡಿದವರ ಹೆಸರೇ ಎಷ್ಟೋ ಕಡೆ ಪುಸ್ತಕದಲ್ಲಿರುವುದಿಲ್ಲ, ಅದಕ್ಕೇ ಜೊತೆಗಾರರ ಮಾತು ಬೇಕು.

ಚಿಕಿತ್ಸೆಯ ಬಗ್ಗೆ ಸುಳ್ಳು ಹೇಳಲಾರೆ. ಪೂರ್ತಿ ವಾಸಿಯಾಗುವುದು ಬಹಳ ಅಪರೂಪ. ಕಿಮೊ, ಕೆಲವರಿಗೆ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧಿ) ಆಯುಷ್ಯ ಮುಂದಕ್ಕೆ ತಳ್ಳುತ್ತವೆ. ನೀರು ಮತ್ತೆ ತುಂಬದಂತೆ ಪದರಗಳನ್ನು ಅಂಟಿಸುವ ಅಥವಾ ನಳಿಕೆ ಇಡುವ ವಿಧಾನವಿದೆ, ಅದರಿಂದ ದಮ್ಮು ಕಡಿಮೆಯಾಗಿ ನಿದ್ದೆ ಬರುತ್ತದೆ. ಬಯಾಪ್ಸಿಯಲ್ಲಿ ಖಚಿತವಾದರೆ ಕಲಬುರಗಿಯಲ್ಲಿರುವ ಕಿದ್ವಾಯಿ ಕ್ಯಾನ್ಸರ್ ಕೇಂದ್ರಕ್ಕಾಗಲಿ ಬೆಂಗಳೂರಿನ ಕಿದ್ವಾಯಿಗಾಗಲಿ ಹೋಗಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಅವ್ವನಿಗೂ ಒಂದು ಎಕ್ಸ್‌ರೇ ತೆಗೆಸಿ, ತಮ್ಮಾ. ಆ ಅಂಗಿ ಝಾಡಿಸಿದವರು ಅವರು. ಗಂಡನ ಬಟ್ಟೆ ಒಗೆದೇ ಈ ಕಾಯಿಲೆ ಬಂದ ಹೆಂಗಸರಿದ್ದಾರೆ. ಏನೂ ಇಲ್ಲದಿದ್ದರೂ, ಮುಂದೆ ದಮ್ಮು ಬಂದ ದಿನ ಈ ವಿಷಯವನ್ನು ಡಾಕ್ಟರಿಗೆ ಮೊದಲು ಹೇಳಲಿ.